ಬಾಗಿಲು ತೆಗೆದವನು

ಮೊನ್ನೆ ರಾಮನಗರದಿಂದ ಬರುವಾಗ ಕೆಂಗಲ್ ಹತ್ತಿರ ಬಸ್ಸು ಕೆಟ್ಟು ನಿಂತಿತು. ಜಡಿಮಳೆ. ಹಿಂದಿನ ಬಸ್ಸು ಬರುವವರೆಗೆ ಎಲ್ಲಾದರೂ ನಿಂತುಕೊಳ್ಳಿ ಎಂದು ಕಂಡಕ್ಟರ್ ಎಲ್ಲರನ್ನೂ ಇಳಿಸಿದ. ಜನ ಆಂಜನೇಯನ ಗುಡಿಯ ಕಡೆ ಓಡಿದರು. ನಾನು ರಸ್ತೆ ಬದಿಯ ಟೀ ಅಂಗಡಿಯ ತಗಡಿನ ಕೆಳಗೆ ನುಗ್ಗಿದೆ. ನುಗ್ಗಿದ ಮೇಲೆ ಗೊತ್ತಾಯಿತು, ಅದೇ ಅಂಗಡಿ. ಬೆಂಚು ಬದಲಾಗಿತ್ತು, ಟೀ ಮಾಡುವವನೂ ಬೇರೆ. ಆದರೆ ಜಜ್ಜಿದ ಶುಂಠಿಯ ವಾಸನೆ, ಬಾಗಿಲಿಗೆ ಹಾಸಿದ ಒದ್ದೆ ಗೋಣಿಯ ವಾಸನೆ ಎರಡೂ ಸೇರಿ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯೊಳಗಿನ ಹಳೆಯ ಸಿಟ್ಟು ಎದ್ದು ಕೂತಿತು. ಟೀ ಕೊಡ್ಲಾ ಮೇಡಂ ಅಂದ. ಬೇಡ ಅಂದೆ. ಆಮೇಲೆ ಕೊಡಿ ಅಂದೆ.

ಮರೆತುಬಿಡು ಎಂದು ಬುದ್ಧಿ ಹೇಳುವವರು ಬೇಕಾದಷ್ಟು ಜನ. ನಾನು ಮರೆಯುವವಳಲ್ಲ. ಒಂದನೇ ಕ್ಲಾಸಿನಲ್ಲಿ ನನ್ನ ಬಳಪ ಕದ್ದವಳ ಹೆಸರು ಇವತ್ತಿಗೂ ನಾಲಿಗೆಯ ತುದಿಯಲ್ಲೇ ಇದೆ. ಅವಳು ಈಗ ಮಕ್ಕಳ ತಾಯಿ, ದಾರಿಯಲ್ಲಿ ಸಿಕ್ಕರೆ ಬಾಯ್ತುಂಬ ನಗುತ್ತಾಳೆ, ನಾನು ಅರ್ಧ ನಗುತ್ತೇನೆ. ಬಳಪಕ್ಕೇ ಇಷ್ಟಾದರೆ, ಗೊತ್ತಾಗಿದ್ದ ಮದುವೆಯನ್ನು ತಪ್ಪಿಸಿದವನನ್ನು ನಾನು ಸುಮ್ಮನೆ ಬಿಡುತ್ತೇನೆಯೇ?

ಆ ವರ್ಷ ನಾನು ಚನ್ನಪಟ್ಟಣದ ಒಂದು ಗೊಂಬೆ ಕಾರ್ಖಾನೆಯಲ್ಲಿ ಬಣ್ಣ ಕೊಡುವ ಕೆಲಸಕ್ಕೆ ಹೋಗುತ್ತಿದ್ದೆ. ಮನೆ ದೊಡ್ಡಮಳೂರಿನ ಆಚೆಯ ಹಳ್ಳಿ. ಲೇತಿನಲ್ಲಿ ತಿರುಗುವ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಬಿಸಿಗೆ ಕರಗಿ ಬಣ್ಣ ಹತ್ತುತ್ತದೆ, ಒಣಗಿದ ತಾಳೆಗರಿಯಿಂದ ಉಜ್ಜಿದರೆ ಹೊಳಪು ಬರುತ್ತದೆ. ಕೆಲಸ ಚೆನ್ನಾಗಿತ್ತು, ಕೈಯೂ ಕೂತಿತ್ತು. ಆದರೆ ಮಳೆಗಾಲ ಬಂತೆಂದರೆ ಕರೆಂಟು ಯಾವಾಗ ಇರುತ್ತದೆ, ಯಾವಾಗ ಇರುವುದಿಲ್ಲ ಎಂದು ಹೇಳುವಂತಿರಲಿಲ್ಲ. ಲೇತ್ ನಿಂತರೆ ಉಳಿದ ಹೆಂಗಸರು ಸೀರಿಯಲ್ ಕತೆ ಹೇಳುತ್ತ ಹೂ ಕಟ್ಟುತ್ತಿದ್ದರು. ನಾನು ಮೂಲೆ ಹಿಡಿದು ಫೋನಿನಲ್ಲಿ ಆಟ ಆಡುತ್ತಿದ್ದೆ.

ಆ ಆಟಕ್ಕೆ ಉದ್ದದ ಇಂಗ್ಲಿಷ್ ಹೆಸರು. ನಾವು ಅದನ್ನು ಬನ ಎಂದು ಕರೆಯುತ್ತಿದ್ದೆವು. ದೊಡ್ಡ ಕಾಡು, ಕಾಡಿನ ನಡುವೆ ಹಾಳು ಬಿದ್ದ ಬಿಳಿಕಲ್ಲಿನ ಪಟ್ಟಣ. ಸಾವಿರಾರು ವರ್ಷದ ಹಿಂದೆ ಎಲ್ಫ್‌ಗಳು ಅಲ್ಲಿ ಬಾಳಿ ಬದುಕಿದ್ದರಂತೆ. ನೋಡಲು ನಮ್ಮಂತೆಯೇ, ಆದರೆ ಎತ್ತರದ ಜನ, ಸಾವಿಲ್ಲದವರು, ಕಿವಿ ಚೂಪು. ನಮ್ಮ ಬಾಯಲ್ಲಿ ಅವರು ಚೂಪುಗಿವಿಯವರಾದರು. ನಾವು ಆಡುವ ಹೊತ್ತಿಗೆ ಅವರ್‍ಯಾರೂ ಅಲ್ಲಿಲ್ಲ. ಅಲ್ಲೊಂದು ಒಡೆದ ಕಲ್ಲು, ಇಲ್ಲೊಂದು ತುಕ್ಕು ಹಿಡಿದ ಕತ್ತಿ ಸಿಗುತ್ತದೆ, ಅದರ ಮೇಲೆ ಎರಡು ಸಾಲು ಬರೆದಿರುತ್ತದೆ, ಅಷ್ಟನ್ನು ಹಿಡಿದು ಅವರ ಕತೆಯನ್ನು ನಾವೇ ಕಟ್ಟಿಕೊಳ್ಳಬೇಕು. ಸಂಜೆ ಕೆಲಸ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದು, ರೊಟ್ಟಿಗೆ ಹಿಟ್ಟು ಕಲಸುವುದರೊಳಗೆ ನಾನು ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಿದ್ದೆ. ಆ ಕಡೆ ಮೂವರು ಕಾಯುತ್ತಿರುತ್ತಿದ್ದರು.

ಒಬ್ಬ ನಯಾಜ್. ರಾಮನಗರದವನು, ಮನೆಯಲ್ಲೇ ರೇಷ್ಮೆ ನೂಲು ತೆಗೆಯುವ ಕೆಲಸ. ಅವನ ಮಾತಿನ ಹಿಂದೆ ಸದಾ ರಾಟೆಯ ಸದ್ದು. ಇನ್ನೊಬ್ಬ ಗಿರೀಶ, ಮಾಗಡಿಯಲ್ಲಿ ಜೆರಾಕ್ಸ್ ಅಂಗಡಿ. ನಮ್ಮಲ್ಲಿ ಅವನಿಗೇ ಇಂಗ್ಲಿಷ್ ಸರಾಗ. ಕಲ್ಲಿನ ಮೇಲಿನ ಬರಹವನ್ನು ಓದಿ ಅರ್ಥ ಹೇಳುವ ಅಧಿಕಾರ ಅವನದು, ಅದರ ಜಂಬವೂ ಅವನದೇ. ಮೂರನೆಯವನು ಕೋಡಿಹಳ್ಳಿಯ ಶಿವು. ತಾಯಿ ಇವನು ಚಿಕ್ಕವನಿದ್ದಾಗಲೇ ಹೋಗಿದ್ದರು. ಮನೆಯಲ್ಲಿ ಅಪ್ಪ, ಇವನು, ಹಸುಗಳು. ಡೇರಿಗೆ ಹಾಲು ಹಾಕಿ ಬಂದು ಆಟಕ್ಕೆ ಕೂರುತ್ತಿದ್ದ. ಬಾಯಿ ತೆರೆದರೆ ಅಕ್ಕ, ಅಕ್ಕ. ಅಕ್ಕ ಉಂಡ್ಯಾ, ಅಕ್ಕ ಮಳೆ ಬತ್ತಾ ಐತಾ, ಅಕ್ಕ ನೀನು ಮುಂದೆ ನಡಿ ನಾನು ಹಿಂದೆ ಕಾಯ್ತೀನಿ. ಆಟದಲ್ಲಿ ಎಷ್ಟು ಸಲ ನನಗೆ ಬೀಳುವ ಏಟನ್ನು ಅವನು ತಿಂದಿದ್ದಾನೋ ಲೆಕ್ಕವಿಲ್ಲ.

ಜಗಳವೆಲ್ಲ ಒಂದೇ ವಿಷಯಕ್ಕೆ. ಆ ಬಿಳಿಪಟ್ಟಣಕ್ಕೆ ಒಂದು ಹೆಬ್ಬಾಗಿಲು. ಹೊರಗಿನಿಂದ ಆನೆ ಬಂದು ಗುದ್ದಿದರೂ ಅಲ್ಲಾಡದು. ಮನುಷ್ಯರ ದಂಡು ಒಂದು ರಾತ್ರಿ ಅದರೊಳಗೆ ನುಗ್ಗಿ ಪಟ್ಟಣವನ್ನು ಸುಟ್ಟಿತು. ಕಲ್ಲಿನ ಮೇಲೆ ಬರೆದದ್ದು ಇಷ್ಟೇ: ಬಾಗಿಲು ಮುರಿದಿರಲಿಲ್ಲ, ಅಗುಳಿಯನ್ನು ಒಳಗಿನಿಂದ ತೆಗೆಯಲಾಗಿತ್ತು. ತೆಗೆದವನು ಕಾವಲಿಗಿದ್ದ ಒಬ್ಬ ಚೂಪುಗಿವಿಯವನು. ಏಕೆ ತೆಗೆದ ಎಂದು ಎಲ್ಲೂ ಬರೆದಿಲ್ಲ.

"ಏನೋ ತಿಂದವ್ನೆ ಕಣಕ್ಕ, ಲಂಚ. ಸಾವಿಲ್ದೋರ್‍ಗೂ ಆಸೆ ಇರ್ತದೆ" ಎಂದು ನಯಾಜ್.

"ಲಂಚ ಅಲ್ಲ ಕಣ್ಲಾ, ಹೆಣ್ಣಿನ ಮ್ಯಾಟ್ರು. ಆಚೆ ಕಡೆ ಒಬ್ಳು ಇದ್ಲು" ಎಂದು ಗಿರೀಶ. ಅವನಿಗೆ ಎಲ್ಲ ಕತೆಯಲ್ಲೂ ಒಬ್ಬಳು ಇರಲೇಬೇಕು.

ಶಿವು ಮಾತ್ರ, "ಅವ್ನು ನೆಂಟ್ರು ಅನ್ಕಂಡು ತಗ್ದವ್ನೆ, ಪಾಪ" ಅನ್ನುತ್ತಿದ್ದ. ನಾವು ಮೂವರೂ ನಗುತ್ತಿದ್ದೆವು.

ಜ್ಯೇಷ್ಠದ ಕೊನೆಯಲ್ಲಿ ನನಗೊಂದು ಸಂಬಂಧ ಬಂತು. ಮಾಗಡಿ ಕಡೆಯ ಹುಡುಗ, ಲೋಕೇಶ ಎಂದು ಹೆಸರು, ಸ್ವಂತ ಗೂಡ್ಸ್ ಆಟೊ. ನೋಡಲು ಬಂದವನು ನನ್ನ ಬೆರಳಿನ ಸಂದಿಯಲ್ಲಿ ಉಳಿದಿದ್ದ ಕೆಂಪು ಅರಗನ್ನು ನೋಡಿ, ಮದುವೆಯಾದ ಮೇಲೆ ಪಡಸಾಲೆಯಲ್ಲೇ ಒಂದು ಲೇತ್ ಹಾಕಿಕೊಡ್ತೀನಿ ಅಂದ. ಅಷ್ಟು ಸಾಕಾಯಿತು ನನಗೆ. ನಂಬರು ತೆಗೆದುಕೊಂಡು ಹೋದವನು ಎರಡು ದಿನ ಕಳೆಯುವುದರಲ್ಲಿ ಬನವನ್ನು ತನ್ನ ಫೋನಿಗೆ ಹಾಕಿಕೊಂಡು, ಮೊದಲನೇ ತೋಳದ ಕೈಯಲ್ಲೇ ಸತ್ತು, ಹೆಂಗೆ ಬದುಕೋದು ಇದರಲ್ಲಿ ಎಂದು ಕೇಳಿದ. ನಾನು ಹಾಸಿಗೆಯಲ್ಲಿ ಬಿದ್ದು ಬಿದ್ದು ನಕ್ಕೆ. ನನ್ನ ಜೊತೆ ಆಡುವ ಮೂವರ ಹೆಸರು, ಊರು ಎಲ್ಲ ಹೇಳಿದೆ. ಆಷಾಢ ಕಳೆಯಲಿ, ಶ್ರಾವಣದಲ್ಲಿ ಹೂ ಮುಡಿಸೋಣ ಎಂದು ದೊಡ್ಡವರು ಮಾತಾಡಿಕೊಂಡರು.

ಆಗಲೇ ನಾವು ನಾಲ್ವರೂ ಕೆಂಗಲ್‌ನಲ್ಲಿ ಸೇರಿದ್ದು. ಅಲ್ಲಿಯವರೆಗೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ನನ್ನ ಜೊತೆ ಚಿಕ್ಕಮ್ಮನ ಮಗಳೂ ಬಂದಿದ್ದಳು, ಗುಡಿಗೆ ಹೋಗುವ ನೆಪ. ಇದೇ ಟೀ ಅಂಗಡಿಯಲ್ಲಿ ನಾನು ನನ್ನ ಮದುವೆಯ ಸುದ್ದಿ ಹೇಳಿದೆ. ನಯಾಜ್ ಓಡಿಹೋಗಿ ಮೈಸೂರುಪಾಕು ತಂದ. ಗಿರೀಶ, ನಮ್ಮ ಮಾಗಡಿಗೇ ಬತ್ತಾ ಇದ್ದೀಯಲ್ಲ, ಬಾ, ಒಂದು ಕೈ ನೋಡ್ಕತೀನಿ ಅಂದ. ಶಿವು ಲೋಟ ಹಿಡಿದುಕೊಂಡು, "ಮದ್ವೆ ಆದ್ಮೇಲೆ ಆಟಕ್ ಬರಾಕಿಲ್ವಾ ಅಕ್ಕ?" ಎಂದು ಕೇಳಿದ. ಮುಖ ಇಷ್ಟು ಸಣ್ಣದಾಗಿತ್ತು. ಬತ್ತೀನಿ ಕಣೋ ಅಂದೆ.

ನಮ್ಮ ಕಡೆ ಆಷಾಢದಲ್ಲಿ ಶುಭಕಾರ್ಯವಿಲ್ಲ. ಶುಭಕಾರ್ಯವಿಲ್ಲದ ತಿಂಗಳಲ್ಲಿ ಹೆಂಗಸರಿಗೆ ಇನ್ನೊಂದು ಕೆಲಸವಿರುತ್ತದೆ, ವಿಚಾರಿಸುವುದು. ಹುಡುಗಿ ಹೇಗೆ, ಮನೆ ಹೇಗೆ ಎಂದು ಗೊತ್ತಿದ್ದವರ ಕಿವಿಯಲ್ಲಿ ಕೇಳುವುದು. ನೇರವಾಗಿ ಯಾರೂ ಕೇಳುವುದಿಲ್ಲ, ನೇರವಾಗಿ ಯಾರೂ ಹೇಳುವುದೂ ಇಲ್ಲ. ಕೆಟ್ಟದ್ದನ್ನು ಹೇಳಿದರೆ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುತ್ತಾರೆ. ಪಕ್ಕದ ಮನೆಯ ಅಜ್ಜಿ ಹೊಗಳಿದರೆ ಸಂತೋಷ. ಆದರೆ ವಯಸ್ಸಿನ ಹುಡುಗನೊಬ್ಬ ಹುಡುಗಿಯನ್ನು ಬಾಯ್ತುಂಬ ಹೊಗಳಿದನೋ, ಮುಗಿಯಿತು. ಇವನಿಗೆ ಹೇಗೆ ಗೊತ್ತು ಇಷ್ಟೆಲ್ಲ ಎಂಬ ಮಾತು ಮೊದಲು ಬರುತ್ತದೆ, ಆ ಮಾತಿನ ಹಿಂದೆ ಬೇರೆಲ್ಲ ಬರುತ್ತದೆ. ಇದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಸಂಗತಿ ಎಂದೇ ನಾನು ನಂಬಿದ್ದೆ.

ಶ್ರಾವಣದ ಮೊದಲ ವಾರ ಆ ಕಡೆಯಿಂದ ಜಾತಕ ಕೂಡಲಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ಮೊದಲೇ ನೋಡಿ ಆಗಿತ್ತು. ಅಮ್ಮ ಸಂಬಂಧ ತಂದಿದ್ದ ತಿಮ್ಮಕ್ಕನನ್ನು ಹಿಡಿದು ಕೂರಿಸಿ ಬಾಯಿ ಬಿಡಿಸಿದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

"ಯಾರೋ ಒಬ್ಬ ಹುಡ್ಗನ್ನ ವಿಚಾರ್ಸವ್ರೆ ಕಣವ್ವ. ಫೋನ್‌ನಲ್ಲಿ ಅದೇನೋ ಆಟ ಆಡ್ತರಂತಲ್ಲ, ಆ ಹುಡುಗ್ರಲ್ಲಿ ಒಬ್ಬ. ಅವ್ನು ನಿನ್ ಮಗಳ್ನ ಹೊಗಳಿದ್ದೇ ಹೊಗಳಿದ್ದಂತೆ. ಸಂಜೆ ಆದ್ರೆ ನಮ್ ಜೊತೇಲೇ ಇರ್ತಳೆ, ಅವ್ಳ ನಗು ಕೇಳ್ದಿದ್ರೆ ನಮ್ಗೆ ದಿನ ಹೋಗಾಕಿಲ್ಲ, ಅವ್ಳಿಗೆ ಸಾರು ಖಾರ ಇರ್ಬೇಕು, ಬಲಗೈ ನೋವು ಬತ್ತದೆ, ಎಲ್ಲಾನೂ ಯೋಳವ್ನೆ. ಅದ್ರಲ್ಲೊಬ್ಬ ಸಾಬ್ರ ಹುಡ್ಗಾನೂ ಅವ್ನಂತಲ್ಲ. ಇಷ್ಟಾದ್ಮೇಲೆ ಯಾರ್ ತಾನೆ ಮುಂದುವರೀತಾರೆ ಯೋಳು."

"ಯಾರಂತೆ ಆ ಹುಡ್ಗ?"

"ಹೆಸ್ರು ಯೋಳಾಕಿಲ್ಲ ಅವ್ರು. ಯೋಳ್ಬಾರ್ದಲ್ಲ."

ಲೋಕೇಶನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ನಂಬರೇ ಹೋಗಲಿಲ್ಲ. ಅಪ್ಪ ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಊಟದ ಹೊತ್ತಿಗೆ ತಟ್ಟೆ ಎತ್ತಿಕೊಂಡು ಜಗಲಿಗೆ ಹೋಗಿ ಕೂರತೊಡಗಿದ. ಅಮ್ಮ ನನ್ನ ಇಯರ್‌ಫೋನನ್ನು ಒಲೆಗೆ ಹಾಕಿದಳು. ಮಾರನೆಯ ದಿನ ನಾನು ಪೇಟೆಯಲ್ಲಿ ಹೊಸದು ಕೊಂಡುಕೊಂಡೆ. ಮೂವರಲ್ಲಿ ಯಾರು ಎಂದು ಗೊತ್ತಾಗದೆ ನಾನು ಆಟ ಬಿಡುವಂತಿರಲಿಲ್ಲ.

ಸಂಬಂಧ ತಪ್ಪಿದ್ದನ್ನು ಅವರಿಗೆ ಹೇಳಿದೆ, ಜಾತಕ ಎಂದಷ್ಟೇ ಹೇಳಿದೆ. ಮೂವರೂ ಅಯ್ಯೋ ಅಂದರು. ಒಬ್ಬನ ಅಯ್ಯೋ ಸುಳ್ಳು ಎಂದು ನನ್ನ ಲೆಕ್ಕ. ಮೊದಲು ಗಿರೀಶನ ಮೇಲೆ ಕಣ್ಣಿಟ್ಟೆ, ಹುಡುಗನದು ಮಾಗಡಿ, ಇವನದೂ ಮಾಗಡಿ. ನಯಾಜನನ್ನು ಯಾರೂ ಕೇಳಿರಲಾರರು, ಅವನ ಹೆಸರೇ ಅವರಿಗೆ ಅಪಶಕುನವಾಗಿತ್ತಲ್ಲ. ಆ ಮಾತನ್ನು ನಯಾಜನಿಗೆ ಹೇಳಲು ನನಗೆ ನಾಚಿಕೆಯಾಗಿ ಹೇಳಲೇ ಇಲ್ಲ. ಹೊಗಳಿದವನು ಬೇಕೆಂದೇ ಹೊಗಳಿದ್ದಾನೆ, ಹೊಗಳಿಕೆಯಿಂದ ಏನಾಗುತ್ತದೆ ಎಂದು ಚೆನ್ನಾಗಿ ತಿಳಿದೇ ಹೊಗಳಿದ್ದಾನೆ. ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಆ ಶ್ರಾವಣ ಪೂರ್ತಿ ನಾನು ಬನದಲ್ಲಿ ಒಂದು ಮೃಗವನ್ನೂ ಬೇಟೆಯಾಡಲಿಲ್ಲ. ಹೆಬ್ಬಾಗಿಲ ಮುಂದೆ ಆಟದೊಳಗಿನ ನನ್ನ ಬೊಂಬೆಯನ್ನು ನಿಲ್ಲಿಸಿ ವಾದಕ್ಕೆ ಎಳೆಯುತ್ತಿದ್ದೆ. ಬಾಗಿಲು ತೆಗೆದವನಿಗೆ ಹೊರಗೆ ದಂಡು ನಿಂತಿದೆ ಎಂದು ಗೊತ್ತಿತ್ತೋ ಇಲ್ಲವೋ? ಗೊತ್ತಿತ್ತು ಎಂದು ನಾನು. ಕಾವಲಿನವನಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರುತ್ತೆ? ಕುದುರೆ ಸದ್ದು ಕೇಳಲಿಲ್ಲವೇ? ಪಂಜು ಕಾಣಲಿಲ್ಲವೇ? ತನ್ನವರ ಮೇಲೆ ಒಳಗೊಳಗೇ ಏನೋ ಇಟ್ಟುಕೊಂಡಿದ್ದವನು ಒಂದು ನೆಪ ಸಿಕ್ಕಿದ್ದೇ ಅಗುಳಿ ಜಾರಿಸಿದ, ಆಮೇಲೆ ನನಗೇನು ಗೊತ್ತು ಅಂದ. ಹೀಗೆ ಹೇಳುತ್ತ ಹೇಳುತ್ತ ನನ್ನ ದನಿ ಏರಿ, ಅಮ್ಮ ಒಳಗಿನಿಂದ ಯಾರ್‍ನೇ ಬೈತಾ ಇದ್ದೀಯ ಎಂದು ಕೂಗುತ್ತಿದ್ದಳು.

ಇನ್ನೊಂದು ಕಲ್ಲು ಗಿರೀಶನಿಗೆ ಸಿಕ್ಕಿತು. ಚೂಪುಗಿವಿಯವರು ಬಾಗಿಲು ತೆಗೆದವನನ್ನು ಕೊಲ್ಲಲಿಲ್ಲವಂತೆ. ಅವನನ್ನು ಅಲ್ಲೇ ಬಿಟ್ಟು ಹೊರಟುಹೋದರಂತೆ, ಯಾರೂ ಅವನೊಂದಿಗೆ ಒಂದು ಮಾತೂ ಆಡಲಿಲ್ಲವಂತೆ. ಸಾವಿಲ್ಲದ ಜನ, ಅವನು ಎಷ್ಟು ಸಾವಿರ ವರ್ಷ ಹಾಗೆ ನಿಂತನೋ.

"ಇದಕ್ಕಿಂತ ಕೊಂದಿದ್ರೇ ಚೆನ್ನಾಗಿತ್ತು ಯಾರ್" ಅಂದ ನಯಾಜ್.

"ಇದು ಏನೇನೂ ಸಾಲ್ದು" ಅಂದೆ ನಾನು. "ನಾನಾಗಿದ್ರೆ ಅವನ ಕೈಲೇ ಇನ್ನೊಂದ್ಸಲ ಬಾಗ್ಲು ತೆಗೆಸ್ತಿದ್ದೆ. ಈ ಸಲ ಅವ್ನ ಮನೇದು."

 ರಾಟೆಯ ಸದ್ದು ಮಾತ್ರ ಕೇಳುತ್ತಿತ್ತು.

ಗೌರಿಹಬ್ಬ ಕಳೆದು ಸ್ವಲ್ಪ ದಿನಕ್ಕೆ ಕಳ್ಳ ಸಿಕ್ಕಿಬಿದ್ದ. ಸಂಜೆ, ಹೊರಗೆ ಸುಮಾರಾದ ಮಳೆ. ಎಂದಿನಂತೆ ನಾನು ಕಾವಲಿನವನನ್ನು ತೊಳೆದು ಒಣಹಾಕುತ್ತಿದ್ದೆ. ದ್ರೋಹಿ ಅಂದೆ, ನೀಚ ಅಂದೆ, ಒಬ್ಬ ಅಪ್ಪನಿಗೆ ಹುಟ್ಟಿದವನೇ ಅಲ್ಲ ಅಂದೆ. ಯಾವತ್ತೂ ನನ್ನ ಮಾತಿಗೆ ಎದುರಾಡದ ಶಿವು ಅವತ್ತು ತಡೆಯಲಾರದೆ ಬಾಯಿ ಹಾಕಿದ.

"ಅಂಗನ್ಬ್ಯಾಡ ಕಣಕ್ಕ. ಬಂದೋರು ಎಷ್ಟ್ ಮರ್ವಾದೆಯಾಗಿ ಕೇಳುದ್ರು. ಮನೇ ಹೆಂಗಸ್ರು, ನೀನು ಅಣ್ತಮ್ಮನಂಗೆ ಇದ್ದೀಯಪ್ಪ, ಗೊತ್ತಿರೋದು ಒಸಿ ಯೋಳಪ್ಪ ಅಂದ್ರು. ಅಂಗ್ ಕೇಳುದ್ರೆ ಬಾಗ್ಲು ತಗೀದೆ ಇರಾಕಾಯ್ತದಾ?"

"ಯಾವ ಹೆಂಗಸ್ರೋ?" ಅಂದ ಗಿರೀಶ. "ಬಂದಿದ್ದು ದಂಡು. ಕೇಳಿದ್ರು ಅಂತ ಯಾವ ಕಲ್ಲಲ್ಲಿ ಐತೆ?"

ಶಿವು ತಡವರಿಸಿದ. "ಅಲ್ಲ ಕಣ್ಲಾ, ಅಂಗಿರ್ಬೋದು ಅಂತ ಯೋಳ್ದೆ."

 ಮೈಕ್ ಆಫ್ ಮಾಡಿ, ನನ್ನನ್ನು ನೋಡಲು ಬಂದಿದ್ದ ಲೋಕೇಶನ ಅಕ್ಕನನ್ನು ಕೊಟ್ಟಿದ್ದು ಎಲ್ಲಿಗೆ ಎಂದು ಅಮ್ಮನನ್ನು ಅಲ್ಲಿಂದಲೇ ಕೂಗಿ ಕೇಳಿದೆ. ಕೋಡಿಹಳ್ಳಿ ತಾವ ಎಂದು ಅಮ್ಮ ಒಳಗಿನಿಂದ ಹೇಳಿದಳು, ಹೇಳಿ, ಇನ್ನೂ ಅದ್ನೇ ನೆನೀತಿದ್ದೀಯಾ ಎಂದು ಗೊಣಗಿದಳು.

ಬೇರೆಯವಳಾಗಿದ್ದರೆ ಅಲ್ಲೇ ಕಿರುಚಾಡುತ್ತಿದ್ದಳು. ನಾನು, ಬಿಡು ಶಿವು, ನೀನು ಹೇಳೋದ್ರಲ್ಲೂ ಒಂದು ಅರ್ಥ ಐತೆ ಅಂದೆ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ತನ್ನ ಒಳ್ಳೆಯ ಗುರಾಣಿಯನ್ನು ನನಗೆ ಕೊಟ್ಟುಬಿಟ್ಟ. ಮದುವೆಯಾದರೆ ಅಕ್ಕ ಆಟಕ್ಕೆ ಬರುವುದಿಲ್ಲ, ಅದಕ್ಕೇ ಕೆಡಿಸಿದ್ದಾನೆ, ಕೆಂಗಲ್‌ನಲ್ಲಿ ಮುಖ ಸಣ್ಣ ಮಾಡಿದ್ದು ಇದಕ್ಕೇ ಎಂದು ನಾನು ತೀರ್ಮಾನಿಸಿದೆ. ಅವತ್ತಿನಿಂದ ಅವನೊಂದಿಗೆ ಜೇನು ಸುರಿಯುವ ಹಾಗೆ ಮಾತಾಡತೊಡಗಿದೆ. ಏನು ಉಂಡೆ, ಯಾವ ಹಸು ಕರು ಹಾಕಿತು, ಹೊಸ ಅಂಗಿ ಯಾವ ಬಣ್ಣ, ಎಡಗಾಲಿನ ಹಿಮ್ಮಡಿ ಒಡೆದದ್ದು ವಾಸಿಯಾಯಿತೇ, ನಿದ್ದೆಯಲ್ಲಿ ಮಾತಾಡುತ್ತೀಯಂತೆ ಹೌದೇ. ಕೇಳಿದ್ದಕ್ಕೆಲ್ಲ ಹೇಳುತ್ತಿದ್ದ, ಕೇಳದಿದ್ದದ್ದನ್ನೂ ಹೇಳುತ್ತಿದ್ದ. ನಾನು ಒಂದೊಂದನ್ನೂ ಜೋಪಾನವಾಗಿ ಇಟ್ಟುಕೊಂಡೆ. ಯಾವತ್ತು ಬೇಕಾಗುತ್ತದೆ ಎಂದು ಗೊತ್ತಿರಲಿಲ್ಲ, ಬೇಕಾಗುತ್ತದೆ ಎಂದು ಮಾತ್ರ ಗೊತ್ತಿತ್ತು.

ಮಳೆ ಹಿಂದೆಗೆಯಿತು. ರಾಗಿ ತೆನೆ ಬಲಿತವು. ದೀಪಾವಳಿಯ ಗೊಂಬೆ ಕೆಲಸ ಮುಗಿಸಿ ಕಾರ್ಖಾನೆಯಲ್ಲಿ ಎಲ್ಲರೂ ಉಸಿರು ಬಿಡುತ್ತಿದ್ದ ಹೊತ್ತು. ನನ್ನ ಪಕ್ಕದ ಲೇತಿನ ಜಯಮ್ಮ, ನನಗಿಂತ ಇಪ್ಪತ್ತು ವರ್ಷ ದೊಡ್ಡವಳು, ಊಟದ ಡಬ್ಬಿ ಎತ್ತಿಕೊಂಡು ಬಂದು ಒತ್ತಿಕೊಂಡು ಕೂತಳು. ಚಿತ್ರಾನ್ನ ನನ್ನ ಡಬ್ಬಿಗೆ ಬಡಿಸಿದಳು. ಚಿತ್ರಾನ್ನ ಬಂದರೆ ಹಿಂದೆ ಮಾತು ಬರುತ್ತದೆ.

"ಅಮ್ಮಿ, ನಮ್ ತಂಗಿ ಮಗಳಿಗೆ ಒಂದ್ ಗಂಡು ಬಂದೈತೆ. ಕೋಡಿಹಳ್ಳಿದು, ಶಿವು ಅಂತ. ಹಸ ಕಟ್ಟವ್ನೆ. ನನ್ ವಿಷ್ಯ ಕೇಳೋದಾದ್ರೆ ಚನ್ನಪಟ್ಟಣದ ಗೊಂಬೆ ಕಾರ್ಖಾನೇಲಿ ಸವಿತಕ್ಕ ಅವ್ಳೆ, ಅವ್ಳನ್ನ ಕೇಳಿ ಅಂತ ಆ ಹುಡ್ಗನೇ ಅಂದನಂತೆ. ನೀನೇ ಅಲ್ವಾ? ಹೆಂಗೆ ಹುಡ್ಗ? ಹುಡ್ಗಿ ಭಾಳ ಒಪ್ಕಂಡವ್ಳೆ, ಅದ್ಕೇ ಕೇಳ್ದೆ."

 ತಾನಾಗಿಯೇ ಬಂದು ಜುಟ್ಟನ್ನು ನನ್ನ ಕೈಗೆ ಕೊಟ್ಟಿದ್ದಾನೆ. ಇಷ್ಟು ಧೈರ್ಯವೇ ಎಂದು ಮೊದಲು ಅನ್ನಿಸಿತು. ನನಗೇನೂ ಗೊತ್ತಾಗಿಲ್ಲ ಎಂದುಕೊಂಡು ನನ್ನಿಂದಲೇ ಒಳ್ಳೆಯ ಮಾತು ಹೇಳಿಸಿಕೊಳ್ಳಲು ಹೊರಟಿದ್ದಾನೆ. ಹೇಳೋಣ, ಒಳ್ಳೆಯ ಮಾತನ್ನೇ ಹೇಳೋಣ ಎಂದು ಡಬ್ಬಿಯ ಮುಚ್ಚಳ ಕೆಳಗಿಟ್ಟೆ.

"ಬಂಗಾರದಂಥ ಹುಡ್ಗ ಕಣಕ್ಕ" ಅಂದೆ. "ದಿನಾ ಸಂಜೆ ನನ್ ಜೊತೆ ಮಾತಾಡ್ದೆ ಅವ್ನಿಗೆ ಊಟ ಸೇರಾಕಿಲ್ಲ. ನಾನು ಉಂಡ್ನಾ ಅಂತ ಕೇಳೇ ಅವ್ನು ಉಣ್ಣೋದು. ಎಡಗಾಲ ಹಿಮ್ಮಡಿ ಒಡೀತದೆ ಚಳಿಗೆ, ನಾನೇ ಮುಲಾಮಿನ ಹೆಸ್ರು ಹೇಳಿದ್ದೆ. ನಿದ್ದೇಲಿ ಮಾತಾಡ್ತಾನೆ. ನೀಲಿ ಅಂಗಿ ಹಾಕಿದ್ರೆ ಲಕ್ಷಣವಾಗಿ ಕಾಣ್ತಾನೆ. ನಾನಂದ್ರೆ ಪ್ರಾಣ ಬಿಡ್ತಾನೆ."

ಜಯಮ್ಮನ ಕೈಯ ತುತ್ತು ಕೈಯಲ್ಲೇ ನಿಂತಿತು. "ನಿದ್ದೇಲಿ ಮಾತಾಡೋದು ನಿಂಗೆಂಗವ್ವ ಗೊತ್ತು?"

ನಾನು ತಲೆ ತಗ್ಗಿಸಿದೆ. "ಅಕ್ಕ ಅಂತ್ಲೇ ಕರೆಯೋದು" ಅಂದೆ.

ಒಂದೇ ಒಂದು ಸುಳ್ಳು ಹೇಳಿರಲಿಲ್ಲ. ಜಯಮ್ಮ ಡಬ್ಬಿ ಮುಚ್ಚಿಕೊಂಡು ಎದ್ದುಹೋದಳು. ನನ್ನ ಹೆಸರೂ ಇದರೊಂದಿಗೆ ಹೋಯಿತು ಎಂದು ನನಗೆ ತಿಳಿಯದೆ ಏನೂ ಇರಲಿಲ್ಲ. ಆ ಸಂಜೆಯಿಂದಲೇ ಕಾರ್ಖಾನೆಯ ಹೆಂಗಸರು ನಾನು ಬಂದರೆ ಮಾತು ನಿಲ್ಲಿಸತೊಡಗಿದರು. ಹೋಗಲಿ, ಆಗಲೇ ಅರ್ಧ ಹೋಗಿದ್ದ ಹೆಸರು. ಮನೆಗೆ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿಕೊಂಡು ನಾನು ಹಾಡು ಗುನುಗುತ್ತಿದ್ದೆ.

ವಾರ ಕಳೆದಿರಬೇಕು. ಸಂಜೆ ನಾನು ಇನ್ನೂ ಆಟ ತೆರೆದಿರಲಿಲ್ಲ, ಶಿವು ನೇರವಾಗಿ ಫೋನ್ ಮಾಡಿದ. ಹಿಂದೆ ಹಾಲಿನ ಕ್ಯಾನುಗಳ ಸದ್ದು.

"ಅಕ್ಕ, ಅದು ಆಗ್ನಿಲ್ಲ ಕಣಕ್ಕ. ಬ್ಯಾಡ ಅಂದ್ಬುಟ್ರು. ಜಾತ್ಕ ಕೂಡ್ನಿಲ್ಲವಂತೆ."

"ಹೌದಾ" ಅಂದೆ. ಎದೆಯೊಳಗೆ ಯಾರೋ ತಮಟೆ ಬಾರಿಸುತ್ತಿದ್ದರು.

"ನೀನು ಬ್ಯಾಸ್ರ ಮಾಡ್ಕಬ್ಯಾಡ. ನೀನು ಭಾಳ ಚೆನ್ನಾಗಿ ಯೋಳಿದ್ಯಂತೆ, ಬಂಗಾರದಂತೋನು ಅಂದ್ಯಂತೆ, ಗೊತ್ತಾಯ್ತು. ನಮ್ಮಪ್ಪಂಗೆ ಯೋಳ್ದೆ. ಅಂಗ್ ಯೋಳೋರು ಯಾರವ್ರೆ ಈ ಕಾಲ್ದಲ್ಲಿ, ಆ ಯಮ್ಮಂಗೆ ಒಂದ್ ಕ್ಯಾನ್ ಹಾಲು ಕೊಟ್ಬಾ ಅಂದ. ಭಾನ್ವಾರ ಬತ್ತೀನಿ ಕಣಕ್ಕ."

ನನಗೆ ಬಂದ ಸಿಟ್ಟು ಇಂಥದ್ದೆಂದು ಹೇಳಲಾರೆ. ತಿಂಗಳುಗಟ್ಟಲೆ ಕಾದು ಸೇಡು ತೀರಿಸಿದರೆ ಇವನು ಅದಕ್ಕೆ ಹಾಲು ತರುತ್ತಾನಂತೆ. ಹೊಡೆದದ್ದು ಯಾರು ಎಂದು ಹೊಡೆಸಿಕೊಂಡವನಿಗೆ ಗೊತ್ತಾಗದಿದ್ದರೆ ಹೊಡೆದು ಪ್ರಯೋಜನವೇನು?

"ಬರ್ಬೇಡ" ಅಂದೆ. "ಕೆಡಿಸಿದ್ದು ನಾನೇ."

"ಏನಂದೆ?"

"ನಿನ್ನ ಸಂಬಂಧ ಕೆಡಿಸಿದ್ದು ನಾನೇ ಕಣೋ. ಬೇಕೂ ಅಂತ ಹೊಗಳ್ದೆ. ಹಿಮ್ಮಡಿ, ನಿದ್ದೆ, ನೀಲಿ ಅಂಗಿ ಎಲ್ಲಾ ಹೇಳ್ದೆ. ಲೋಕೇಶನ ಅಕ್ಕ ಬಂದಾಗ ನೀನು ನನ್ನ ಹೊಗಳಿದ್ಯಲ್ಲ, ಥೇಟ್ ಹಂಗೇ."

ಕ್ಯಾನಿನ ಸದ್ದು ನಿಂತಿತು. ಡೇರಿಯಿಂದ ಹೊರಗೆ ಬಂದನೋ ಏನೋ, ಗಾಳಿಯ ಸದ್ದು ಶುರುವಾಯಿತು.

"ಹೊಗುಳುದ್ರೆ ಕೆಡ್ತದಾ ಅಕ್ಕ?"

"ಹುಡ್ಗಿ ಬಗ್ಗೆ ಹುಡ್ಗ, ಹುಡ್ಗನ ಬಗ್ಗೆ ಹುಡ್ಗಿ ಹಂಗ್ ಹೇಳುದ್ರೆ ಕೆಡ್ತದೆ. ಇವಳಿಗೆ ಹೆಂಗೆ ಗೊತ್ತು ಇಷ್ಟೆಲ್ಲಾ ಅಂತಾರೆ. ನಿಂಗ್ ಗೊತ್ತಿರ್ಲಿಲ್ಲ ಅಲ್ವಾ, ಪಾಪ!"

ಅಣಕಿಸಿಯೇ ಕೇಳಿದ್ದೆ.  ಅವನು ಉಸಿರಾಡುವುದು ಕೇಳಿಸುತ್ತಿತ್ತು, ಹೊಲದ ಕೆಲಸ ಮಾಡಿ ದಣಿದವನ ಹಾಗೆ. ಕೊನೆಗೆ, ಒಂದೊಂದೇ ಮಾತು ಹುಡುಕಿಕೊಂಡು ಕೇಳಿದ.

"ಅಂಗಾರೆ, ನಿಂದು ಮಾಗಡಿದು ತಪ್ಪಿದ್ದು ನನ್ನಿಂದ್ಲಾ?"

"ಹೂಂ" ಅಂದೆ.

"ಯಾರ್‍ಗೂ ಯೋಳ್ಬ್ಯಾಡ ಅಂದಿದ್ರು ಅಕ್ಕ ಅವ್ರು. ನಿನ್ ಮದ್ವೆ ದಿನ ಯೋಳಾನ ಅಂತಿದ್ದೆ. ನಿನ್ನ ಒಪ್ಕಂಡಿದ್ದು ನನ್ ಮಾತ್ನಿಂದ್ಲೇ ಅಂತ. ಮಂಟಪದಲ್ಲೇ ಯೋಳಾನ ಅಂತಿದ್ದೆ."

ಆಮೇಲೆ ಅವನು ಅತ್ತ. ಗಂಡಸರು ಅಳುವುದನ್ನು ನಾನು ಹೆಚ್ಚು ಕೇಳಿದವಳಲ್ಲ. ಅದು ಕೆಮ್ಮಿನ ಹಾಗೆ ಬಿಟ್ಟು ಬಿಟ್ಟು ಬರುತ್ತಿತ್ತು. ನಿಜ ಹೇಳುತ್ತೇನೆ, ಮೊದಲು ನನಗೆ ಸಮಾಧಾನವೇ ಆಯಿತು. ಶ್ರಾವಣದಿಂದ ನಾನು ಕಾದಿದ್ದದ್ದು ಸಂಬಂಧ ತಪ್ಪಲಿ ಎಂದಲ್ಲ, ಈ ಸದ್ದಿಗೆ. ಅಳಲಿ, ಇನ್ನಷ್ಟು ಅಳಲಿ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಆದರೆ ಅವನು ನಿಲ್ಲಿಸಲಿಲ್ಲ. ನನ್ನನ್ನು ಒಂದು ಮಾತು ಬೈಯಲೂ ಇಲ್ಲ. ತನ್ನದು ತಪ್ಪಿದ್ದನ್ನು ಎತ್ತಲೇ ಇಲ್ಲ, ಮಾಗಡಿ ಹುಡುಗ ಒಳ್ಳೇವ್ನಾಗಿದ್ನಾ ಅಕ್ಕ, ಒಳ್ಳೇವ್ನಾಗಿದ್ನಾ ಎಂದು ಅದನ್ನೇ ಕೇಳುತ್ತಿದ್ದ.

ಒಳಗಿನಿಂದ ಅಮ್ಮ ಊಟಕ್ಕೆ ಕರೆದಳು. ನಾನು ಎದ್ದು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. "ಶಿವು, ಫೋನ್ ಇಡು" ಅಂದೆ. ಅವನು ಇಡಲಿಲ್ಲ. ನಾನೂ ಇಡಲಿಲ್ಲ.